ನೆಲದಿಂದ ತುದಿಗೆ

ಬೆಳಿಗ್ಗೆ ಆರೂವರೆಗೆಲ್ಲ ಆ ಓಣಿಯಲ್ಲಿ ತಗಡು ಬಡಿಯುವ ಸದ್ದು ಶುರುವಾಗುತ್ತಿತ್ತು. ಮೊದಲು ಒಂದೇ ಒಂದು ಟಣ್. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ತಗಡಿನ ಅಂಗಡಿಯವನು ಬಕೆಟ್ಟಿನ ತಳವನ್ನು ಬೆಳಕಿಗೆ ಹಿಡಿದು ತೂತು ಹುಡುಕುತ್ತಿರುತ್ತಿದ್ದ. ಹುಡುಕಿದ ಮೇಲೆ ಟಣ್ ಟಣ್ ಟಣ್ ಎಂದು ಒಂದೇ ಸಮನೆ. ಎದುರು ಮನೆಯ ಗಡಿಯಾರ ರಿಪೇರಿಯವರು ಹಾಸಿಗೆಯಲ್ಲೇ ಮಗ್ಗುಲು ಬದಲಿಸಿ, "ಬಕೆಟ್ಟಿನ ತೂತು ಮುಚ್ಚಿದ, ನನ್ನ ಕಿವಿ ತೂತು ಮಾಡಿದ" ಎಂದು ದಿನವೂ ಅದೇ ಮಾತು ಹೇಳುತ್ತಿದ್ದರು. ಅಷ್ಟು ಹೊತ್ತಿಗೆ ಅವರ ಹೆಂಡತಿ ಚಪ್ಪಲಿ ಮೆಟ್ಟಿ, ನೀರಿನ ಬಾಟಲಿ ಚೀಲಕ್ಕೆ ಹಾಕಿಕೊಂಡು, ಕೆಲಸಕ್ಕೆ ಹೊರಟು ನಿಂತಿರುತ್ತಿದ್ದಳು.

ಅವಳನ್ನು ಎಲ್ಲರೂ ಅಳತೆಯಕ್ಕ ಎನ್ನುತ್ತಿದ್ದರು. ಕಾಲೇಜಿನ ಹಿಂದುಗಡೆ ತಂತಿಬೇಲಿಯೊಳಗೆ ಒಂದು ಪ್ರಯೋಗದ ತೋಟವಿತ್ತು. ಅಲ್ಲಿ ಇಪ್ಪತ್ತೆರಡು ವರ್ಷದಿಂದ ಗಿಡ ಅಳೆಯುವುದು ಅವಳ ಕೆಲಸ. ಅವಳ ಬಳಿ ಅವಳ ಭುಜದೆತ್ತರದ ಒಂದು ಮರದ ಅಳತೆಕೋಲು. ಹಳದಿ ಬಣ್ಣ ಅಲ್ಲಲ್ಲಿ ಸುಲಿದು, ಹಿಡಿಯುವ ಜಾಗದಲ್ಲಿ ಮರ ನುಣುಪಾಗಿತ್ತು. ಕೋಲನ್ನು ಗಿಡದ ಪಕ್ಕ ನೆಟ್ಟಗೆ ಊರಿ, ತುದಿಗೆ ಕಣ್ಣು ಸಮಮಾಡಿ, ಅವಳು ಅಂಕಿ ಕೂಗುತ್ತಿದ್ದಳು. ಬರೆದುಕೊಳ್ಳುವವರು ಯಾರೂ ಇಲ್ಲದಿದ್ದರೂ ಕೂಗಿ, ಆಮೇಲೆ ತಾನೇ ಸೀಸದಕಡ್ಡಿಯಲ್ಲಿ ರಿಜಿಸ್ಟರಿಗೆ ಬರೆಯುತ್ತಿದ್ದಳು. ಶಾಯಿಯಲ್ಲಿ ಬರೆದರೆ ಒದ್ದೆ ಕೈಗೆ ಅಂಕಿ ಕರಗುತ್ತದೆ.

ತೋಟದ ಚಾಳಿ ಅವಳನ್ನು ಮನೆಯಲ್ಲೂ ಬಿಡುತ್ತಿರಲಿಲ್ಲ. ಬಾಗಿಲಲ್ಲಿ ನಿಂತವರನ್ನು ಒಳಗೆ ಕರೆಯುವ ಮೊದಲು ಕಣ್ಣಲ್ಲೇ ಅಳೆದುಬಿಡುತ್ತಿದ್ದಳು. "ಮೊದಲ ಸಲ ನನ್ನ ನೋಡಿದಾಗ ಇವಳು ನಾಚ್ಕೊಂಡು ತಲೆ ತಗ್ಗಿಸಿದ್ಲು ಅಂದ್ಕೊಂಡಿದ್ದೆ" ಎಂದು ಗಂಡ ಬಂದವರ ಮುಂದೆ ಹೇಳುತ್ತಿದ್ದರು. "ಆಮೇಲೆ ಗೊತ್ತಾಯ್ತು, ನನ್ನ ಅಂಗಾಲಿಂದ ಶುರುಮಾಡಿದ್ಲು ಅಂತ."

ಆದರೆ ಅವಳು ಮೊದಲು ಅಳೆದದ್ದು ಗಿಡವನ್ನಲ್ಲ. ಅಮ್ಮನ ಮನೆಯ ಅಡುಗೆಕೋಣೆಯ ಬಾಗಿಲ ಚೌಕಟ್ಟಿನಲ್ಲಿ, ಬಲಗಡೆ ಅವಳ ಎತ್ತರದ ಗೀಟುಗಳು, ಎಡಗಡೆ ತಂಗಿಯ ಗೀಟುಗಳು. ಅಮ್ಮ ವರ್ಷಕ್ಕೊಮ್ಮೆ ಮೊಳೆಯಲ್ಲಿ ಗೀಚುತ್ತಿದ್ದಳು. ಬಲಗಡೆ ಗೀಟುಗಳು ಏಣಿಯ ಹಾಗೆ ಮೇಲಕ್ಕೆ ಹೋಗಿದ್ದವು. ಎಡಗಡೆ ಮೂರೇ ಮೂರು. ತಂಗಿಗೆ ನಾಲ್ಕು ತುಂಬುವಾಗ ಅಮ್ಮನಿಗೆ ಎದೆಯ ಕಾಯಿಲೆ ಬಂದು ಆಸ್ಪತ್ರೆ ಸೇರಬೇಕಾಯಿತು. ಸಮುದ್ರದ ದಂಡೆಯಲ್ಲಿದ್ದ ಚಿಕ್ಕಮ್ಮ, ಮಕ್ಕಳಿಲ್ಲದವಳು, ಬಂದು ಚಿಕ್ಕವಳನ್ನು ಆರು ತಿಂಗಳಿಗೆಂದು ಕರೆದುಕೊಂಡು ಹೋದಳು. ಅಮ್ಮ ಚೇತರಿಸಿಕೊಂಡು ಕರೆತರಲು ಹೋದಾಗ ಮಗು ಚಿಕ್ಕಮ್ಮನ ಕಾಲು ತಬ್ಬಿಕೊಂಡು ಬಿಡಲಿಲ್ಲ. ಚಿಕ್ಕಮ್ಮನೂ ಅತ್ತಳು. ಅಮ್ಮ ಒಬ್ಬಳೇ ಬಸ್ಸು ಹತ್ತಿ ಬಂದಳು. ಆ ಆರು ತಿಂಗಳು ಮುಗಿಯಲೇ ಇಲ್ಲ.

ಅಕ್ಕತಂಗಿಯರ ನಡುವೆ ಹಗೆ ಏನೂ ಇರಲಿಲ್ಲ. ರಜೆಯಲ್ಲಿ ಭೇಟಿ, ಕಾಗದ, ಆಮೇಲೆ ಫೋನು. ಮಾತು ನಿಂತದ್ದು ಹನ್ನೊಂದು ವರ್ಷದ ಹಿಂದೆ, ಅಮ್ಮ ತೀರಿಕೊಂಡ ವಾರದಲ್ಲಿ. ಬಾಡಿಗೆ ಮನೆ ಖಾಲಿ ಮಾಡಬೇಕಿತ್ತು. ಇಬ್ಬರೂ ನೆಲದ ಮೇಲೆ ಕೂತು ಅಮ್ಮನ ಬಟ್ಟೆ ಮಡಚುತ್ತಿದ್ದರು. ಅಮ್ಮ ಒಂದೊಂದು ಗುಂಡಿಯನ್ನೂ ಬೇರೆ ಬೇರೆ ಬಣ್ಣದ ದಾರದಲ್ಲಿ ಹೊಲಿದಿದ್ದನ್ನು ನೋಡಿ ನಗು ಬಂದು, ನಗುತ್ತ ಕಣ್ಣು ಒರೆಸಿಕೊಂಡರು. ಆ ಸಲಿಗೆಯಲ್ಲೇ ಅಕ್ಕ ತಂಗಿಯನ್ನು ಎಬ್ಬಿಸಿ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿದಳು.

"ನೆಟ್ಟಗೆ ನಿಂತ್ಕೊಳೇ. ನೋಡು, ನನ್ನ ಭುಜದ ಹತ್ರ ಬರ್ತೀಯ ಅಷ್ಟೇ. ಆ ಉಪ್ಪುಗಾಳಿ ನಿನ್ನ ಬೆಳೆಯೋಕೇ ಬಿಡ್ಲಿಲ್ಲ. ಇಲ್ಲೇ ಇದ್ದಿದ್ರೆ ನನ್ನಷ್ಟಾಗ್ತಿದ್ದೆ."

ತಂಗಿ ಚೌಕಟ್ಟು ಬಿಟ್ಟು ಅಲುಗಲಿಲ್ಲ. "ಇದ್ದಿದ್ರೆ ಅಲ್ಲ. ಇಟ್ಕೊಂಡಿದ್ರೆ."

"ಏನು?"

"ಇದ್ದಿದ್ರೆ ಅಂದ್ರೆ ನಾನಾಗೇ ಎದ್ದು ಹೋದ ಹಾಗಾಯ್ತು. ನಾಲ್ಕು ವರ್ಷದ್ದು ತಾನಾಗೇ ಎಲ್ಲಿಗೆ ಹೋಗತ್ತೆ? ಇಟ್ಕೊಂಡಿದ್ರೆ ಅನ್ನು."

ಅಂದುಬಿಡಬಹುದಿತ್ತು. ಒಂದು ಮಾತು. ಆದರೆ ಅಮ್ಮನ ಬಟ್ಟೆ ಇನ್ನೂ ನೆಲದ ಮೇಲೆ ಹರಡಿದ್ದ ಹೊತ್ತಿನಲ್ಲಿ ಆ ಮಾತು ಅಮ್ಮನ ಮೇಲೆ ದೂರು ಹೇಳಿದಂತೆ ಕೇಳಿಸಿತು. "ಮಾತಿಗೆ ಮಾತು ಪೋಣಿಸ್ಬೇಡ" ಎಂದಳು ಅಕ್ಕ. "ಚಿಕ್ಕಮ್ಮ ನಿನಗೇನು ಕಡಿಮೆ ಮಾಡಿದ್ಲು?"

ತಂಗಿ ಮಧ್ಯಾಹ್ನದ ಬಸ್ಸಿಗೆ ಹೊರಟುಹೋದಳು. ಮಡಚಿದ ಬಟ್ಟೆ ಮಡಚಿದಂತೆಯೇ ಉಳಿಯಿತು.

ಆಮೇಲೆ ಅಳತೆಯಕ್ಕ ಎರಡು ಫೋನು ಬದಲಿಸಿದಳು. ಎರಡು ಸಲವೂ ಅಂಗಡಿಯವನಿಗೆ ಮೊದಲು ಹೇಳಿದ್ದು, "ತಂಗಿ ಅಂತ ಒಂದು ನಂಬರಿದೆ, ಅದು ಹೋಗ್ಬಾರ್ದು ನೋಡಿ." ನಂಬರು ಹೋಗಲಿಲ್ಲ. ಅವಳೂ ಒತ್ತಲಿಲ್ಲ. ಕೆಲವು ಸಂಜೆ ಗಂಡ ಮೇಜಿನ ದೀಪದಡಿ ಬಗ್ಗಿ ಗಡಿಯಾರದ ಹಲ್ಲುಚಕ್ರ ಹುಡುಕುವಾಗ, ಅವಳು ಪಕ್ಕದಲ್ಲಿ ಕೂತು ಆ ಹೆಸರಿನವರೆಗೆ ಹೋಗಿ, ಪರದೆ ತಾನಾಗಿ ಕಪ್ಪಾಗುವವರೆಗೆ ನೋಡುತ್ತಿದ್ದಳು.

ಸಂಶೋಧನೆಯ ಹುಡುಗಿ ತೋಟಕ್ಕೆ ಬಂದದ್ದು ಹೋದ ವರ್ಷ. ತೆಳ್ಳಗೆ, ಬೆನ್ನಿಗೊಂದು ಚೀಲ, ಮಾತಿಗಿಂತ ಮೊದಲು ನಗು. ಅವಳ ವಿಷಯ ಕಾಡೆಳ್ಳು. ಅಳತೆಯಕ್ಕನಿಗೆ ಹೊಲದ ಎಳ್ಳು ಗೊತ್ತಿತ್ತು, ಅದರ ಈ ದಾಯಾದಿ ಗೊತ್ತಿರಲಿಲ್ಲ.

"ಗಿಡ ಒಂದೇ ಅಕ್ಕಾ" ಎಂದಳು ಹುಡುಗಿ. "ಬೆಳೆಯೋ ಜಾಗ ಬೇರೆ. ಕಾಲುವೆ ದಂಡೆಯಲ್ಲಿ ಎದೆಮಟ್ಟ ಬರತ್ತೆ, ರಸ್ತೆ ಬದಿಯಲ್ಲಿ ಸೊಂಟದವರೆಗೆ, ಬಂಡೆ ಸಂದಿಯಲ್ಲಿ ಮೊಣಕಾಲು, ಸಮುದ್ರದ ಮರಳಲ್ಲಿ ಒಂದು ಗೇಣು. ನಾಲ್ಕೂ ಕಡೆಯ ಬೀಜ ತಂದು ಒಂದೇ ಮಣ್ಣಲ್ಲಿ, ಒಂದೇ ದಿನ ಬಿತ್ತೋದು. ಆಗ ಗೊತ್ತಾಗತ್ತೆ, ಗಿಡ್ಡಾಗಿರೋದು ಹುಟ್ಟುಗುಣಾನೋ, ಬೆಳೆದ ಜಾಗದ ಗುಣಾನೋ ಅಂತ."

ಅಳತೆಯಕ್ಕ ಕೋಲನ್ನು ಬಟ್ಟೆಯಿಂದ ಒರೆಸಿದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿ ಕೇಳಿದಳು: "ಸಮುದ್ರದ್ದು ಎಲ್ಲಿಂದ ತರ್ತೀಯ?"

ಹುಡುಗಿ ಊರು ಹೇಳಿದಳು. ಅಷ್ಟು ದೊಡ್ಡ ಕರಾವಳಿಯಲ್ಲಿ ಅದೇ ಊರಾಗಬೇಕೆಂದೇನೂ ಇರಲಿಲ್ಲ. ಆದರೆ ಆ ಊರಿಂದ ಎರಡು ನಿಲ್ದಾಣ ಮುಂದೆ ಹೋದರೆ ತಂಗಿಯ ಊರು.

"ಅಲ್ಲಿ ಬೇಡ, ಇನ್ನೊಂದು ಸ್ವಲ್ಪ ಮುಂದೆ ಹೋಗು. ಐಸ್ ಫ್ಯಾಕ್ಟರಿ ಹಿಂದೆ ಬಲೆ ಹೆಣೆಯೋರ ಸಾಲುಮನೆ ಇದೆ. ಕೊನೇ ಮನೇಲಿ ಒಬ್ಬಳಿದ್ದಾಳೆ. ಆ ದಂಡೆಯ ಒಂದೊಂದು ಕಡ್ಡೀನೂ ಅವಳಿಗೆ ಗೊತ್ತು."

"ಯಾರಕ್ಕಾ ಅವರು?"

"ಗೊತ್ತಿರೋರು."

"ಯಾರು ಕಳ್ಸಿದ್ದು ಅಂತ ಕೇಳಿದ್ರೆ?"

"ಕೇಳಿದ್ರೆ ಹೇಳು. ಕೇಳ್ದಿದ್ರೆ ಬೇಡ."

ನಾಲ್ಕು ದಿನ ಅಳತೆಯಕ್ಕನ ಅಂಕಿಗಳು ತಪ್ಪಿದವು. ಒಂದೇ ಗಿಡವನ್ನು ಎರಡು ಸಲ ಅಳೆದಳು. ಐದನೆಯ ದಿನ ಹುಡುಗಿ ಬಿಸಿಲಿಗೆ ಮೂಗು ಮುಖ ಕಪ್ಪು ಮಾಡಿಕೊಂಡು ತಿರುಗಿ ಬಂದಾಗ, ಅವಳು ಬೀಜದ ಚೀಲದ ಕಡೆ ನೋಡಲೇ ಇಲ್ಲ.

"ಸಿಕ್ಕಿದ್ಲಾ?"

"ಅಬ್ಬಾ, ಸಿಕ್ಕಿದ್ರು. ಆಳು ಕುಳ್ಳಗೆ, ಮಾತು ಮಾತ್ರ ನಾಲ್ಕು ಮೊಳ."

"ಏನಂದ್ಲು?"

"ಕಾಯಿ ಬಿರಿಯೋಕೆ ಮುಂಚೆ ಕೀಳು, ಬಿರಿದ್ರೆ ಗಾಳಿ ಪಾಲು ಅಂದ್ರು. ನನ್ನ ಪ್ಲಾಸ್ಟಿಕ್ ಕವರು ನೋಡಿ, ಇದರಲ್ಲಿ ಬೀಜ ಹಾಕ್ತೀಯಾ, ಓದಿದ್ದು ಎಲ್ಲಿ ಅಂತ ಬೈದ್ರು. ಅವರದೇ ಹಳೇ ದಿಂಬಿನ ಚೀಲ ಕೊಟ್ರು."

"ಮತ್ತೆ?"

"ಟೀ ಕೊಟ್ರು."

"ಅದಲ್ಲ. ಯಾರು ಕಳ್ಸಿದ್ದು ಅಂತ..."

"ಇಲ್ಲಕ್ಕಾ, ಕೇಳ್ಲಿಲ್ಲ. ಓದಿದ್ದು ಎಲ್ಲಿ ಅಂದ್ರಲ್ಲ, ಅದಕ್ಕೆ ನಮ್ಮ ಕಾಲೇಜಿನ ಹೆಸರು ಹೇಳಿದೆ. ಆಗ ಸ್ವಲ್ಪ ಹೊತ್ತು ಸುಮ್ಮನಾದ್ರು."

"ಎಷ್ಟು ಹೊತ್ತು?"

ಹುಡುಗಿ ನಕ್ಕುಬಿಟ್ಟಳು. "ಅದನ್ನೂ ಅಳೀಬೇಕಾ ಅಕ್ಕಾ?"

ಅಳತೆಯಕ್ಕನೂ ನಕ್ಕಳು. ಆಮೇಲೆ ದಿಂಬಿನ ಚೀಲ ಬಿಚ್ಚುವ ನೆವದಲ್ಲಿ ಅದನ್ನು ಮುಖದ ಹತ್ತಿರ ತಂದಳು. ಉಪ್ಪು, ಸೀಮೆಎಣ್ಣೆ, ಒಣಗಿದ ಕಾಯಿಯ ಕಹಿ ವಾಸನೆ.

ನಾಲ್ಕು ಸಾಲು ಬಿತ್ತಿದರು. ಬಿಸಿಲು ಬಲವಾಗಿದ್ದರಿಂದ ನೆಲ ಒಣಗದಿರಲೆಂದು ಸಾಲುಗಳ ನಡುವೆ ಒಣಹುಲ್ಲು ದಪ್ಪಗೆ ಹಾಸಿದರು. ರಿಜಿಸ್ಟರಿನ ಮೊದಲ ಪುಟದಲ್ಲಿ, ತೋಟ ನೋಡಿಕೊಳ್ಳುವ ಕಾಲೇಜಿನ ಮೇಷ್ಟ್ರು ದೊಡ್ಡ ಅಕ್ಷರದಲ್ಲಿ ಬರೆದರು: ಅಳತೆ, ಪ್ರತಿ ಸೋಮವಾರ, ನೆಲದಿಂದ ತುದಿಗೆ.

ಕಾಲುವೆಯ ಗಿಡಗಳು ಯಾರೋ ಕರೆದಂತೆ ಎದ್ದವು. ರಸ್ತೆ ಬದಿಯವು ಎರಡು ವಾರ ಹಿಂದುಮುಂದು ನೋಡಿ, ಆಮೇಲೆ ಅವುಗಳ ಬೆನ್ನು ಹಿಡಿದವು. ಬಂಡೆಯವು ತೆಳ್ಳಗೆ ನಿಂತು ಎಲ್ಲಕ್ಕಿಂತ ಮೊದಲು ಹೂ ಬಿಟ್ಟವು, ತಿಳಿ ನೇರಳೆಯ ಸಣ್ಣ ಗಂಟೆಗಳು, ಎಲ್ಲಿ ಮಣ್ಣು ಮುಗಿದುಹೋಗುತ್ತದೋ ಎಂಬ ಅವಸರ. ಸಮುದ್ರದ್ದು ಮಾತ್ರ ದಪ್ಪ ಎಲೆ ಬಿಟ್ಟುಕೊಂಡು ನೆಲ ಕಚ್ಚಿ ಕೂತಿತು. ಒಂಬತ್ತು ಸೆಂಟಿಮೀಟರು. ಹನ್ನೊಂದು. ಹದಿನಾಲ್ಕು. ಹದಿನಾಲ್ಕು. ಅಳತೆಯಕ್ಕ ಆ ಅಂಕಿ ಕೂಗುವಾಗ ದನಿ ತಗ್ಗಿಸುತ್ತಿದ್ದಳು. ಆ ಸಾಲಿಗೆ ಒಂದು ತಂಬಿಗೆ ನೀರು ಹೆಚ್ಚು ಹಾಕಿದಳು. ಬಿಸಿಲು ಇಳಿದ ಮೇಲೆ ಹೋಗಿ ಸುಮ್ಮನೆ ಪಕ್ಕ ಕೂತಳು. ಇಲ್ಲೇ ಬೆಳೆದರೂ ನೀನು ಅಷ್ಟೇನಾ ಎಂದು ಕೇಳಬೇಕೆನಿಸಿತು; ಹೌದು ಎಂದರೆ ಉಪ್ಪುಗಾಳಿಯ ಮಾತು ಸುಳ್ಳಾಗುತ್ತದೆ, ಅಲ್ಲ ಎಂದರೆ ತಂಗಿಯ ಮಾತು ನಿಜವಾಗುತ್ತದೆ. ಎರಡರಲ್ಲಿ ತನಗೆ ಯಾವುದು ಬೇಕೆಂದು ಅವಳಿಗೇ ತಿಳಿಯಲಿಲ್ಲ.

ಆ ಹುಲ್ಲಿನಲ್ಲಿ ಅಲ್ಲಲ್ಲಿ, ಸಾಲು ತಪ್ಪಿ, ಪುಟ್ಟ ಸಸಿಗಳು ತಲೆ ಹಾಕುತ್ತಿದ್ದವು. ಬಿತ್ತುವಾಗ ಚೆಲ್ಲಿದ ಬೀಜವಿರಬೇಕು. ಸಾಲು ಸ್ವಚ್ಛವಾಗಿರಬೇಕೆಂಬುದು ಅವಳ ಇಪ್ಪತ್ತೆರಡು ವರ್ಷದ ಶಿಸ್ತು. ಕಂಡದ್ದನ್ನು ಉಗುರಿನಲ್ಲಿ ಚಿವುಟಿ ಹಾಕಿ, ರಿಜಿಸ್ಟರಿನ ಅಂಚಿನಲ್ಲಿ ಬರೆಯುತ್ತಿದ್ದಳು: ಅಡ್ಡ ಹುಟ್ಟಿದ್ದು, ಎರಡು. ಅಡ್ಡ ಹುಟ್ಟಿದ್ದು, ಮೂರು.

ಒಂಬತ್ತನೆಯ ವಾರ ಮೇಷ್ಟ್ರು ಬಂದು ಸಮುದ್ರದ ಸಾಲು ನೋಡಿ ತಲೆಯಾಡಿಸಿದರು. "ಇದು ಈ ಮಣ್ಣಿಗೆ ಒಗ್ಗಲಿಲ್ಲ. ಕಿತ್ತುಹಾಕಿ. ಮೂರು ಸಾಲು ಸಾಕು."

ಹುಡುಗಿ ರಿಜಿಸ್ಟರು ಮುಚ್ಚಿದಳು. ಮಾತಾಡಿದವಳು ಅಳತೆಯಕ್ಕ.

"ಸಾರ್, ಒಂದು ವಾರ ಇರ್ಲಿ."

"ಯಾಕಮ್ಮ?"

"ಅದು ನಿಧಾನದ್ದು ಸಾರ್."

ಮೇಷ್ಟ್ರು ಅವಳ ಮುಖ ನೋಡಿದರು. ಇಪ್ಪತ್ತೆರಡು ವರ್ಷದಲ್ಲಿ ಅವಳು ಅಂಕಿ ಬಿಟ್ಟು ಬೇರೆ ಅಭಿಪ್ರಾಯ ಹೇಳಿದ್ದು ಅವರು ಕೇಳಿರಲಿಲ್ಲ. "ಸರಿ, ಸೋಮವಾರದವರೆಗೆ" ಎಂದರು.

ಸೋಮವಾರ ಬೆಳಿಗ್ಗೆ ಕೀಳುವ ಮೊದಲು ಕೊನೆಯ ಸಲ ಅಳೆಯೋಣವೆಂದು ಅವಳು ಕೋಲು ಹಿಡಿದು ಹೋದಳು. ಹದಿನೈದು. ಕಾಲುವೆಯ ಸಾಲಿನ ಬುಡದಲ್ಲಿ ಮತ್ತೊಂದು ಅಡ್ಡ ಹುಟ್ಟಿದ್ದು ಕಂಡಿತು. ಬಗ್ಗಿ ಚಿವುಟಿದಳು, ಬೆರಳು ಒದ್ದೆಯಾಗಿತ್ತು, ಕಾಂಡ ಜಾರಿತು, ಮುರಿಯಲಿಲ್ಲ. ಹಿಡಿದು ಎಳೆದಳು. ಇಲ್ಲಿ ಎಳೆದರೆ ಅಲ್ಲಿ, ಎರಡು ಮಾರು ದೂರದಲ್ಲಿ, ಸಮುದ್ರದ ಗಿಡದ ಎಲೆ ಅಲುಗಿತು.

ಗಾಳಿಯಿರಲಿಲ್ಲ. ಅವಳು ಮತ್ತೊಮ್ಮೆ, ಮೆಲ್ಲಗೆ, ಎಳೆದಳು. ಮತ್ತೆ ಅದೇ ಎಲೆ.

ಕೋಲು ಕೆಳಗಿಟ್ಟು ಮೊಣಕಾಲೂರಿ ಹುಲ್ಲು ಸರಿಸಿದಳು. ಹುಲ್ಲಿನಡಿ ಬಿಳಿಚಿಕೊಂಡ ಕಾಂಡ ನೆಲಕ್ಕೆ ಮೈ ಒತ್ತಿ, ದಾರಿ ಹುಡುಕಿಕೊಂಡು ಬಂದಿತ್ತು. ಗೆಣ್ಣು ಗೆಣ್ಣಿಗೂ ಕೂದಲಿನಂಥ ಬಿಳಿ ಬೇರು. ಇನ್ನೊಂದು ಕಡೆ ಸರಿಸಿದಳು: ಅಲ್ಲೊಂದು ಕಾಂಡ, ಆದರೆ ತುದಿಯಿಲ್ಲ, ತುದಿಯಿರಬೇಕಾದಲ್ಲಿ ಒಣಗಿದ ಒಂದು ಗಂಟು. ಉಗುರಿನ ಗುರುತು. ಅದರ ಪಕ್ಕ ಇನ್ನೊಂದು.

ಹುಡುಗಿ ಬರುವ ಹೊತ್ತಿಗೆ ಅಳತೆಯಕ್ಕ ಹುರಿಯ ಉಂಡೆ ತಂದು, ಕಾಂಡದ ಬಳುಕಿಗೆ ಹುರಿಯನ್ನು ಬಳುಕಿಸಿ, ಬುಡದಿಂದ ತುದಿಯವರೆಗೆ ಹಾಸಿ, ಆ ಹುರಿಯನ್ನು ಕೋಲಿಗೆ ಹಿಡಿದು ಎರಡು ಸಲ ಅಳೆದಾಗಿತ್ತು.

"ಮುನ್ನೂರ ನಲವತ್ತೆರಡು" ಎಂದಳು. ಕೂಗಲಿಲ್ಲ.

"ಏನದು?"

"ಸಮುದ್ರದ್ದು. ಕಾಲುವೇದು ನೂರಾ ಹದಿನೆಂಟು."

ಹುಡುಗಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಕುಣಿಯುವ ಹಾಗೆ ಎದ್ದಳು; ಆಮೇಲೆ ಇನ್ನೇನೋ ಹೊಳೆದು ತಟ್ಟನೆ ಕೂತಳು. "ಅಕ್ಕಾ, ಹಾಗಾದ್ರೆ ಅಡ್ಡ ಹುಟ್ಟಿದ್ದು ಅಂತ ನಾವು ಕಿತ್ತಿದ್ದೆಲ್ಲ..."

"ನಾವಲ್ಲ, ನಾನು. ಹದಿಮೂರು."

"ನಿಮಗೆ ಹೇಗೆ ಗೊತ್ತಾಗ್ಬೇಕಿತ್ತು?"

"ಗೊತ್ತಾಗ್ಬೇಕಿತ್ತು" ಎಂದಳು ಅಳತೆಯಕ್ಕ. ಅವಳ ಕೈಯಲ್ಲಿ ಹುರಿ ಹಾಗೇ ಇತ್ತು. "ಆ ಬಲೆ ಹೆಣೆಯೋಳು ನನ್ನ ತಂಗಿ ಕಣಮ್ಮ. ಸ್ವಂತ ತಂಗಿ. ಗೊತ್ತಿರೋರು ಅಂದೆ ನಿಂಗೆ, ನೋಡು."

ಹುಡುಗಿ ಹುರಿಯ ಇನ್ನೊಂದು ತುದಿ ಹಿಡಿದು ಉಂಡೆಗೆ ಸುತ್ತತೊಡಗಿದಳು.

ಮೇಷ್ಟ್ರು ಬಂದರು, ಪ್ಯಾಂಟಿನ ಮೊಣಕಾಲು ಮಣ್ಣಾಗುವುದನ್ನೂ ಲೆಕ್ಕಿಸದೆ ಕೂತು ನೋಡಿದರು. ರಿಜಿಸ್ಟರು ತರಿಸಿಕೊಂಡು ಮೊದಲ ಪುಟದ 'ನೆಲದಿಂದ' ಎಂಬುದನ್ನು ಹೊಡೆದು 'ಬುಡದಿಂದ' ಎಂದು ಬರೆದರು. ತುದಿ ಕಳೆದುಕೊಂಡ ಗಿಡಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ, ಹೊಸ ಬೀಜ ತಂದು ಮತ್ತೆ ಬಿತ್ತಬೇಕು, ಶನಿವಾರ ಜೀಪು ಕೊಡುತ್ತೇನೆ ಎಂದರು. ಅಳತೆಯಕ್ಕನಿಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಮನೆಗೆ ನಡೆಯುವ ದಾರಿಯುದ್ದಕ್ಕೂ ಅನಿಸಿತು.

ಆ ಸಂಜೆ ಅವಳು ಪರದೆ ಕಪ್ಪಾಗಲು ಬಿಡಲಿಲ್ಲ. ಆ ಕಡೆ ಆರು ಸಲ ರಿಂಗಾಯಿತು.

"ಯಾರು?"

"ನಾನು ಕಣೇ."

"ನಾನು ಅಂದ್ರೆ? ದಿನಕ್ಕೆ ಹತ್ತು ಜನ ನಾನು ಅಂತಾರೆ ಇಲ್ಲಿ."

ದನಿ ಒರಟಾಗಿತ್ತು, ಆದರೆ ಅವಳು ಫೋನು ಇಡಲಿಲ್ಲ. ಹಿಂದೆ ಎಲ್ಲೋ ಐಸ್ ಫ್ಯಾಕ್ಟರಿಯ ಯಂತ್ರ ಗುಂಯ್ ಎನ್ನುತ್ತಿತ್ತು. ಅಳತೆಯಕ್ಕ ಹೇಳಬೇಕಾದದ್ದನ್ನು ಬಾಯಿಗೆ ತಂದುಕೊಂಡಳು. ಬಂದದ್ದು ಬೇರೆ.

"ಆ ಎಳ್ಳು... ನೀನು ಕೊಟ್ಟ ಎಳ್ಳು. ಅದು ಹರಿದುಕೊಂಡು ಹೋಗತ್ತೆ ಅಂತ ಯಾಕೆ ಹೇಳ್ಲಿಲ್ಲ ಆ ಹುಡುಗಿಗೆ?"

"ಕೇಳ್ಬೇಕಿತ್ತು. ಬೀಜ ಕೇಳಿದ್ಲು, ಬೀಜ ಕೊಟ್ಟೆ. ಮೀನು ಕೇಳಿದೋರಿಗೆ ಈಜು ಹೇಳ್ಕೊಡ್ತಾರಾ?"

"ನಾನು ತುದಿ ಚಿವುಟಿಬಿಟ್ಟೆ ಕಣೇ. ಕಳೆ ಅಂದ್ಕೊಂಡೆ."

"ಎಷ್ಟು?"

"ಹದಿಮೂರು."

ಆ ಕಡೆ ಮೂಗಿನಲ್ಲಿ ಸಣ್ಣ ಸದ್ದಾಯಿತು, ನಗುವೋ ಏನೋ. "ಸಾಯಲ್ಲ ಬಿಡು ಅದು. ಇಲ್ಲಿ ದೋಣಿ ಎಳೀತಾರೆ ಅದರ ಮೇಲೆ. ಪಕ್ಕದಿಂದ ಒಡೆಯತ್ತೆ. ಗೊಬ್ಬರ ಗಿಬ್ಬರ ಹಾಕ್ಬೇಡ ಮಾತ್ರ."

"ನೀರು ಸ್ವಲ್ಪ ಹೆಚ್ಚು ಹಾಕಿದ್ದೆ."

"ಹಾಕಿರ್ತೀಯ." ತುಸು ತಡೆದು, "ಮಂಡಿ ನೋವು ಹೇಗಿದೆ ನಿಂದು?"

"ನಿಂಗ್ಯಾರು ಹೇಳಿದ್ರು?"

"ಯಾರೋ ಹೇಳಿದ್ರು." ಮತ್ತೆ ಯಂತ್ರದ ಗುಂಯ್. "ಆ ಹುಡುಗಿ ಮತ್ತೆ ಬರ್ತಾಳಾ ಬೀಜಕ್ಕೆ?"

"ಶನಿವಾರ."

"ಒಬ್ಬಳೇನಾ?"

"ಜೀಪಲ್ಲಿ ಜಾಗ ಇದೆ."

"ಜಾಗ ಇದೆ ಅಂತ ಸಿಕ್ಕಿದೋರೆಲ್ಲ ಹತ್ತಿಬಿಡ್ತಾರಾ?" ಎಂದಳು ತಂಗಿ. "ಶನಿವಾರ ನಾನು ದಡದಲ್ಲಿರ್ತೀನಿ. ಮನೆಗೆ ಬೀಗ ಹಾಕಿರತ್ತೆ. ಬೀಗ ನೋಡ್ಕೊಂಡು ವಾಪಸ್ ಹೋಗ್ಬೇಡಿ ಅಂತ ಹೇಳು ಅವಳಿಗೆ." ಫೋನು ನಿಂತಿತು.

ಗಂಡ ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆ ಈ ಕಡೆ ತಿರುಗಿದರು. ಆ ಗಾಜಿನಲ್ಲಿ ಅವರ ಒಂದು ಕಣ್ಣು ಬಟ್ಟಲಷ್ಟಾಗಿತ್ತು. "ಹನ್ನೊಂದು ವರ್ಷದಿಂದ ನೀನು ಒಂದು ಮಾತು ಹೇಳ್ಬೇಕು ಹೇಳ್ಬೇಕು ಅಂತಿದ್ದೆ. ಈಗ ನೋಡಿದ್ರೆ ಬರೀ ಎಳ್ಳು ಬಿತ್ತಿದೆ."

"ಬಾಯಿಗೆ ಬರ್ಲಿಲ್ಲ ರೀ."

"ಫೋನಲ್ಲಿ ಬರಲ್ಲ ಅದು" ಎಂದು ಅವರು ಮತ್ತೆ ಗಡಿಯಾರದ ಮೇಲೆ ಬಗ್ಗಿದರು. "ಶನಿವಾರ ಅನ್ನ ನಾನೇ ಮಾಡ್ಕೋತೀನಿ. ತಳ ಹಿಡಿದ್ರೆ ಎದುರುಮನೆಯವನು ಬಡಿದುಕೊಡ್ತಾನೆ."

ಶನಿವಾರ ಜೀಪಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಮೊದಲು ಹೊಲಗಳು, ಆಮೇಲೆ ಗೋಡೆಗಳ ಮೇಲೆ ಪಾಚಿ, ಆಮೇಲೆ ಗಾಳಿಯಲ್ಲಿ ಅಂಟು. ಹುಡುಗಿ ನಿದ್ದೆಹೋಗಿ ಅವಳ ಭುಜಕ್ಕೆ ವಾಲಿದಳು. ಅಳತೆಯಕ್ಕ ತುಟಿ ಅಲ್ಲಾಡಿಸದೆ ಹೇಳಬೇಕಾದದ್ದನ್ನು ಒಳಗೊಳಗೇ ಹೇಳಿನೋಡಿದಳು. ಒಂದು ಸಲ ಅದು ಅಮ್ಮನ ಮೇಲಿನ ದೂರಾಯಿತು, ಒಂದು ಸಲ ಚಿಕ್ಕಮ್ಮನ ಮೇಲಿನದು. ತಿರುವಿನಲ್ಲಿ ಜೀಪು ವಾಲಿದಾಗೊಮ್ಮೆ ಯಾರ ಮೇಲೂ ದೂರಾಗದೆ ಬಂತು, ಮರುಗಳಿಗೆ ಅದು ಹೇಗೆ ಬಂದಿತ್ತೆಂದು ಮರೆತುಹೋಯಿತು. ಆಗ ಆ ಹುಡುಗಿಯ ತಲೆ ಭುಜದ ಮೇಲಿತ್ತು, ಅಷ್ಟೇ ಭಾರ, ಅಷ್ಟೇ ಎತ್ತರ. ತಂಗಿ ಪಕ್ಕ ಕೂತು ನಿದ್ದೆಹೋದರೆ ತಲೆ ಬರುವುದು ಇಲ್ಲಿಗೇ, ಎಂದು ಯೋಚಿಸಿದಳು, ಮತ್ತು ಉಳಿದ ದಾರಿಯೆಲ್ಲ ಅಲುಗದೆ ಕೂತಳು.

ಐಸ್ ಫ್ಯಾಕ್ಟರಿಯ ಹಿಂದೆ ಜೀಪು ನಿಂತಿತು. ಸಾಲುಮನೆಯ ಕೊನೆಯ ಬಾಗಿಲಿಗೆ ಹೇಳಿದಂತೆ ಬೀಗ. ಮುಂದೆ ಮರಳು, ಮರಳಿನ ತುಂಬ ದಪ್ಪ ಎಲೆಯ ಆ ಗಿಡ, ಹಾಸಿದಂತೆ, ಅಲ್ಲೊಂದು ಇಲ್ಲೊಂದು ನೇರಳೆ ಗಂಟೆ. ಎಲ್ಲಿಂದ ಶುರು, ಎಲ್ಲಿ ಕೊನೆ ಎಂದು ಕಣ್ಣಿಗೆ ಸಿಕ್ಕುವಂತಿರಲಿಲ್ಲ. ದೂರದಲ್ಲಿ ಮಗುಚಿ ಹಾಕಿದ ದೋಣಿಗಳು. ಅವುಗಳ ನಡುವೆ ಮೂವರು ಹೆಂಗಸರು ಬಲೆ ಹರವಿಕೊಂಡು ಕೂತಿದ್ದರು. ಒಬ್ಬಳು ಎದ್ದು ನಿಂತು, ಹಣೆಗೆ ಕೈ ಅಡ್ಡ ಹಿಡಿದು ಈ ಕಡೆ ನೋಡಿದಳು.

"ಅಕ್ಕಾ, ಇಲ್ಲಿಂದಾನೇ ಕಾಯಿ ಕೀಳೋಕೆ ಶುರು ಮಾಡ್ಲಾ? ಅಥ್ವಾ ಅವರನ್ನ ಕೇಳಿ ಆಮೇಲಾ?" ಹುಡುಗಿ ಬಟ್ಟೆಚೀಲಗಳನ್ನು ಕೆಳಗಿಳಿಸುತ್ತಿದ್ದಳು. "ಕೋಲು ಕೊಡ್ಲಾ ನಿಮಗೆ?"

"ಕೋಲು ಬೇಡ" ಎಂದಳು ಅಳತೆಯಕ್ಕ. ಬಗ್ಗಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡಳು. "ನೀನು ಇಲ್ಲಿ ಬಿರಿಯದಿರೋ ಕಾಯಿ ಮಾತ್ರ ನೋಡ್ಕೊ, ಬುಡ ತುಳೀಬೇಡ, ನಾನು ಅಷ್ಟರಲ್ಲಿ ಹೋಗಿ ಅವಳನ್ನ..." ಎನ್ನುತ್ತ, ಹುಡುಗಿ ಕೇಳಿಸಿಕೊಂಡಳೋ ಇಲ್ಲವೋ ಎಂದು ತಿರುಗಿಯೂ ನೋಡದೆ, ಬಳ್ಳಿಗಳ ನಡುವೆ ಖಾಲಿ ಮರಳು ಹುಡುಕಿ ಹುಡುಕಿ ಹೆಜ್ಜೆಯಿಡುತ್ತ, ದೋಣಿಗಳ ಕಡೆಗೆ ನಡೆದಳು.